ಮೊಣಕಾಲಿನ ನೆಪ, ಕೆಂಪು ದೀಪ

ಯಾವ ಸಂಗತಿ ಒಬ್ಬರಿಗೂ ತಿಳಿಯಬಾರದೆಂದು ನಾವು ಬಾಗಿಲು ಹಾಕಿಕೊಳ್ಳುತ್ತೇವೆಯೋ, ಅದೇ ಸಂಗತಿ ಕಿಟಕಿಯಿಂದ ಹಾರಿ ಓಣಿಗೆ ಬಿದ್ದು ನಗೆಪಾಟಲಾಗುವುದು ಲೋಕದಲ್ಲಿ ನಡೆದೇ ಇರುತ್ತದೆ. ನನ್ನ ಪಾಲಿಗೆ ಅದು ಒಂದರ ಬೆನ್ನಿಗೆ ಒಂದರಂತೆ ನಡೆಯಿತು.

ಮುಂಡರಗಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಯಜಮಾನರು ಬೀಸುತ್ತಾರೆ, ನಾನು ಡಬ್ಬಿಗಳನ್ನು ತೂಗಿ ಸರದಿಯಲ್ಲಿ ಇಡುತ್ತೇನೆ. ಡಬ್ಬಿ ಇಟ್ಟ ಹೆಂಗಸರು ಗಿರಣಿಯ ಕಟ್ಟೆಯ ಮೇಲೆ ಕೂಡುತ್ತಾರೆ. ಅವರ ಜೋಳ ಹಿಟ್ಟಾಗಿ ಕೈಗೆ ಬರುವುದರೊಳಗೆ ಊರಿನ ಸುದ್ದಿಯೂ ಸಣ್ಣಗೆ ಬೀಸಿ ಮುಗಿದಿರುತ್ತದೆ. ಇಂಥ ಕಟ್ಟೆಯನ್ನು ಎದುರಿಗಿಟ್ಟುಕೊಂಡು ನಾನೊಂದು ರೋಗವನ್ನು ಮುಚ್ಚಿಡಬೇಕಾಗಿತ್ತು.

ನನಗೆ ಆದದ್ದು ಗುಪ್ತಾಂಗದ ನರಹುಲಿ. ಈ ಎರಡು ಪದಗಳನ್ನು ಕೂಡಿಸಿ ಬರೆಯುವುದಕ್ಕೆ ನನಗೆ ಇಷ್ಟು ವರ್ಷ ಹಿಡಿಯಿತು. ಬಾಯಿಯಿಂದ ಇನ್ನೂ ಆಡಿಲ್ಲ. ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು ನಾನು, ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು. ನಗು ಬಂದಲ್ಲಿ ನಗಬೇಕು. ನನಗೂ ನಗು ಬರುತ್ತದೆ, ಆದರೆ ಅದರ ಹಿಂದೆಯೇ ಹಳಹಳಿಯೂ ಬರುತ್ತದೆ.

ಎಮ್ಮೆಗೆ ಕಟ್ಟಿದ ಕೂದಲು

ಅದು ಮೊದಲು ಸಾಸಿವೆಯಷ್ಟು ಇತ್ತು. ಆಮೇಲೆ ನವಣೆಯಷ್ಟಾಯಿತು, ಜೋಳದಷ್ಟಾಯಿತು. ಒಂದಿದ್ದದ್ದು ಗುಂಪಾಯಿತು. ನೋವಿರಲಿಲ್ಲ, ಭಯವಿತ್ತು. ಸ್ನಾನ ಮಾಡುವಾಗಲೆಲ್ಲ ಕೈ ಅಲ್ಲಿಗೆ ಹೋಗುತ್ತಿತ್ತು, ಮನಸ್ಸು ಅದಕ್ಕಿಂತ ಕೆಟ್ಟ ಕಡೆಗೆ ಹೋಗುತ್ತಿತ್ತು.

ನಮ್ಮ ಓಣಿಯಲ್ಲಿ ನರಹುಲಿಗೆ ಔಷಧ ಮಾಡುವ ಅಜ್ಜಿಯೊಬ್ಬರಿದ್ದರು. ಕುದುರೆಯ ಬಾಲದ ಕೂದಲಿನಿಂದ ನರಹುಲಿಯ ಬುಡವನ್ನು ಬಿಗಿದು ಕಟ್ಟಿ, ಉಪ್ಪು ಮಂತ್ರಿಸಿ ಕೊಡುತ್ತಿದ್ದರು. ಕೈಯ ಮೇಲೆ, ಕುತ್ತಿಗೆಯ ಮೇಲೆ ಎದ್ದವು ಅದರಿಂದ ಉದುರುತ್ತವೆಂದು ಎಲ್ಲರೂ ಹೇಳುತ್ತಿದ್ದರು. ಕೂದಲನ್ನು ಇಸಿದುಕೊಂಡು ಬಂದು ನಾನೇ ಕಟ್ಟಿಕೊಂಡರಾಯಿತೆಂದು ಒಂದು ದಿನ ಅವರ ಮನೆಗೆ ಹೋದೆ. ಅಜ್ಜಿ ನನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿದರು, ಸೆರಗು ಸರಿಸಿ ಕುತ್ತಿಗೆಯನ್ನು ನೋಡಿದರು. ಎಲ್ಲಿಯೂ ಏನೂ ಇರಲಿಲ್ಲ. ಯಾರಿಗೆ ಎದ್ದಿವೆ ಎಂದು ಕೇಳಿದರು. ಗಂಡನಿಗೆ ಎನ್ನಲು ಬಾಯಿ ಬರಲಿಲ್ಲ, ಅತ್ತೆಗೆ ಎನ್ನಲು ಮನಸ್ಸು ಬರಲಿಲ್ಲ. ಮನೆಯಲ್ಲಿ ಉಳಿದದ್ದು ಒಂದೇ ಜೀವ.

"ನಮ್ಮ ಎಮ್ಮಿಗ್ರಿ" ಎಂದೆ.

"ಮತ್ತ ಎದ್ದಾವೇನು ಅದಕ್ಕ?" ಎಂದು ಅಜ್ಜಿ ಕೇಳಿದರು.

'ಮತ್ತೆ' ಎಂದು ಏಕೆ ಕೇಳಿದರೆಂದು ನಾನು ಯೋಚಿಸಲಿಲ್ಲ. ವಯಸ್ಸಾಗಿದೆ, ಬೇರೆ ಯಾರದೋ ದನದ ನೆನಪಿರಬೇಕು ಎಂದುಕೊಂಡೆ. ಕೂದಲು ಕೊಡಿರಿ, ನಾನೇ ಕಟ್ಟುತ್ತೇನೆ ಎಂದರೆ ಅವರು ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ತಾವೇ ಬಂದರು. ಎಮ್ಮೆಯ ಕೆಚ್ಚಲನ್ನು ನೋಡಿದರು, ಕುತ್ತಿಗೆಯನ್ನು ನೋಡಿದರು, ಬಾಲ ಎತ್ತಿ ನೋಡಿದರು. ಬಾಲ ಎತ್ತಿದ್ದು ಎಮ್ಮೆಗೆ ಸೇರಲಿಲ್ಲ. ಸೆಗಣಿ ಮೆತ್ತಿದ ಬಾಲದಿಂದ ಅವರ ಮುಖಕ್ಕೆ ಬೀಸಿ ಒಂದು ಕೊಟ್ಟಿತು. ಅಜ್ಜಿ ಮುಖ ಒರೆಸಿಕೊಂಡು, ತಂದ ಕೂದಲು ಹಾಳಾಗಬಾರದೆಂದು ಅದನ್ನು ಎಮ್ಮೆಯ ಕೊಂಬಿಗೆ ಕಟ್ಟಿದರು.

"ಗುಣ ಆಗೇತಿ ಬಿಡವ್ವ. ನಾ ಬರ್ತೀನಂತ ತಿಳಿದ ಕೂಡಲೇ ಉದುರ್ಯಾವು."

ಇಲ್ಲದ ರೋಗ ಎಮ್ಮೆಗೆ ಗುಣವಾಯಿತು. ಇದ್ದ ರೋಗವನ್ನು ಇಟ್ಟುಕೊಂಡು ನಾನು ಹಾಲು ಹಿಂಡಲು ಕುಳಿತೆ. ಅಂದಿನಿಂದ ಅಜ್ಜಿ ನಮ್ಮ ಎಮ್ಮೆಯ ಹೆಸರು ಹೇಳಿ ಓಣಿಯ ಇನ್ನಷ್ಟು ದನಗಳ ಕೊಂಬಿಗೆ ಕೂದಲು ಕಟ್ಟಿದರು.

ಧೈರ್ಯ ಏರಿದಷ್ಟು

ಹೀಗೆ ತಿಂಗಳುಗಳು ಕಳೆದವು. ಗದಗಿನಲ್ಲಿ ಚರ್ಮರೋಗದ ಹೆಣ್ಣು ಡಾಕ್ಟರರೊಬ್ಬರಿದ್ದಾರೆಂದು ಗಿರಣಿಯ ಕಟ್ಟೆಯಲ್ಲಿಯೇ ಕೇಳಿದ್ದೆ. ಸ್ವಲ್ಪ ಕೆಲಸವಿದೆ ಎಂದು ಅತ್ತೆಯವರಿಗೆ ಹೇಳಿ ಬಸ್ಸು ಹತ್ತಿದೆ. ಯಾವ ಕೆಲಸವೆಂದು ಅವರು ಕೇಳಲಿಲ್ಲ.

ಡಾಕ್ಟರಮ್ಮನವರು ಎಲ್ಲಿ ತೊಂದರೆ ಎಂದು ಕೇಳಿದರು. ನಾನು ನೆಲ ನೋಡುತ್ತ, ಕೆಳಗೆ ಎಂದೆ. ಅವರು ಬಾಗಿ ನನ್ನ ಪಾದ ನೋಡಿದರು. ಇಲ್ಲಿಯೇ ಎಂದರು. ಇನ್ನಷ್ಟು ಮೇಲೆ ಎಂದೆ. ಮೀನಖಂಡ ಮುಟ್ಟಿದರು. ಇನ್ನಷ್ಟು ಎಂದೆ. ಅವರ ಕೈ ಮೊಣಕಾಲಿಗೆ ಬಂತು. ಅಲ್ಲಿಗೆ ನನ್ನ ಧೈರ್ಯ ಮುಗಿಯಿತು.

"ಇಲ್ಲೇ ಏನ್ರಿ?"

"ಹೌದ್ರಿ, ಇಲ್ಲೇ."

ಅವರು ಮೊಣಕಾಲನ್ನು ನೋಡಲಿಲ್ಲ. ಬಹಳ ಹೊತ್ತು ನನ್ನ ಮುಖವನ್ನು ನೋಡಿದರು. ಆಮೇಲೆ ನೋವಿನ ಮುಲಾಮೊಂದನ್ನು ಬರೆದುಕೊಟ್ಟು, ಮೆಲ್ಲಗೆ ಹೇಳಿದರು:

"ಇವತ್ತ ಇಲ್ಲಿ ತನಕ ಬಂದೀರಿ. ಮುಂದಿನ ವಾರ ಬರ್ರಿ, ಇಲ್ಲಿಂದ ಮ್ಯಾಲಿಂದು ನೋಡೂಣು."

ಮನೆಗೆ ಬಂದಾಗ ಅತ್ತೆಯವರ ಕಣ್ಣು ನನ್ನ ಕೈಯಲ್ಲಿದ್ದ ಮುಲಾಮಿನ ಮೇಲೆ ಬಿತ್ತು. ಮೊಣಕಾಲು ನೋವು ಎಂದೆ. ಯಾವ ಕಾಲು ಎಂದರು. ಎಡಗಾಲು ಎಂದೆ. ಅಂದು ಸಂಜೆಯಿಂದಲೇ ಅವರು ನನ್ನನ್ನು ಮಂಚದ ಮೇಲೆ ಕೂಡಿಸಿ, ತಾವು ಕೆಳಗೆ ಮಣೆ ಹಾಕಿಕೊಂಡು, ನನ್ನ ಎಡ ಮೊಣಕಾಲಿಗೆ ಮುಲಾಮು ತಿಕ್ಕತೊಡಗಿದರು. ಅವರ ಮೊಣಕಾಲುಗಳು ಎಷ್ಟೋ ವರ್ಷಗಳಿಂದ ಬಾತಿದ್ದವು. ಮಣೆಯಿಂದ ಏಳುವಾಗ ಗೋಡೆ ಹಿಡಿದು, ಒಂದು ಕ್ಷಣ ನಿಂತು, ಆಮೇಲೆ ಹೆಜ್ಜೆ ಇಡುತ್ತಿದ್ದರು. ಬೇಡವೆಂದರೂ ಬಿಡಲಿಲ್ಲ. ನೋವಿದ್ದವರು ನೋವಿಲ್ಲದ ಕಾಲನ್ನು ತಿಕ್ಕುತ್ತಿದ್ದರು. ನಾನು ಕುಂಟುವುದನ್ನು ಅಭ್ಯಾಸ ಮಾಡುತ್ತಿದ್ದೆ.

ಆ ಅಭ್ಯಾಸವೂ ನನಗೆ ಸರಿಯಾಗಿ ಬರಲಿಲ್ಲ. ಒಂದು ಬೆಳಿಗ್ಗೆ ಅವಸರದಲ್ಲಿ ನೀರು ತುಂಬುವಾಗ ಬಲಗಾಲು ಎಳೆಯುತ್ತಿದ್ದೆ. ಅತ್ತೆಯವರು ಬಾಗಿಲಲ್ಲಿ ಕುಳಿತು ನೋಡಿದರು.

"ಔಷಧ ಭಾಳ ಚಲೋ ಐತಿ. ಬ್ಯಾನಿ ಈ ಕಾಲು ಬಿಟ್ಟು ಆ ಕಾಲಿಗೆ ಹೋತು ನೋಡು."

ಅಂದು ಸಂಜೆಯಿಂದ ಅವರು ಎರಡೂ ಕಾಲು ತಿಕ್ಕಿದರು.

ಬೆಳಕು ಬೀಳಬಾರದ ಜಾಗ

ಮುಂದಿನ ವಾರ ಡಾಕ್ಟರಮ್ಮನವರು ಮೊಣಕಾಲಿನಿಂದಲೇ ಮೊದಲು ಮಾಡಿದರು, ಮತ್ತು ಇರುವುದನ್ನು ಕಂಡುಹಿಡಿದರು. ಗದರಲಿಲ್ಲ, ಹೇಸಿಕೊಳ್ಳಲಿಲ್ಲ. ಇದು ಚರ್ಮಕ್ಕೆ ಚರ್ಮ ತಾಗಿ ಬರುವ ವೈರಾಣುವಿನಿಂದ ಆಗುತ್ತದೆ, ಬಂದ ಮೇಲೆ ಕಾಣದೆ ಎಷ್ಟೋ ಕಾಲ ಸುಮ್ಮನೆ ಕುಳಿತಿರಬಹುದು, ಯಾರಿಂದ ಯಾರಿಗೆ ಯಾವಾಗ ಬಂತೆಂದು ಯಾರೂ ಹೇಳಲಾರರು ಎಂದರು. ಗರ್ಭಕೋಶದ ಬಾಯಿಯ ತಪಾಸಣೆಯನ್ನೂ ಮಾಡಿಸಿಕೊಳ್ಳಲು ಹೇಳಿದರು. ಎಲ್ಲಕ್ಕಿಂತ ಕೊನೆಗೆ, ನಾನು ಹೆದರುತ್ತಿದ್ದ ಮಾತನ್ನು ಹೇಳಿದರು.

"ಯಜಮಾನರನ್ನೂ ಒಮ್ಮೆ ಕರಕೊಂಡು ಬರ್ರಿ. ಅವರಿಗೂ ಇದ್ದು, ಅವರು ಹಂಗ ಉಳದ್ರ ಇಬ್ಬರಿಗೂ ತ್ರಾಸು."

ಹೂಂ ಎಂದೆ. ನಮ್ಮ ಮನೆಯಲ್ಲಿ ನಾವು ಗಂಡ ಹೆಂಡತಿ ಜೋಳದ ವಿಷಯ, ಗಿರಣಿಯ ಪಟ್ಟೆಯ ವಿಷಯ ಬಿಟ್ಟು ಬೇರೇನನ್ನೂ ಮಾತಾಡದೆ ಎರಡು ಮಳೆಗಾಲ ಕಳೆದಿದ್ದವು. ಈ ರೋಗ ಕಂಡಂದಿನಿಂದ ನಾನು ಗೋಡೆಯ ಕಡೆಗೆ ಹೊರಳಿ ಮಲಗುತ್ತಿದ್ದೆ. ಅವರು ಏಕೆಂದು ಕೇಳಿರಲಿಲ್ಲ. ಕೇಳದೆ ಇದ್ದದ್ದನ್ನೇ ನಾನು ಅವರ ಅಪರಾಧಕ್ಕೆ ಸಾಕ್ಷಿ ಮಾಡಿಕೊಂಡಿದ್ದೆ.

ಸುಡುವುದು, ಕತ್ತರಿಸುವುದು ಬೇಡ, ಕಲೆ ಉಳಿದೀತು ಎಂದು ಡಾಕ್ಟರಮ್ಮನವರು ಬೆಳಕಿನ ಚಿಕಿತ್ಸೆಯನ್ನು ಗೊತ್ತು ಮಾಡಿದರು. ಆ ಜಾಗಕ್ಕೆ ಒಂದು ಮುಲಾಮು ಹಚ್ಚಿ, ಮೇಲೆ ಮುಚ್ಚಿ, ಕೆಲವು ತಾಸು ಕೂಡಿಸುತ್ತಾರೆ. ಮುಲಾಮನ್ನು ರೋಗದ ಚರ್ಮ ಹೀರಿಕೊಳ್ಳುತ್ತದೆ. ಆಮೇಲೆ ಕೆಂಪು ದೀಪ ಹಿಡಿದರೆ ಆ ಚರ್ಮ ಸಾಯುತ್ತದೆ. ಮುಲಾಮು ಹಚ್ಚಿದ ನರ್ಸು ಬಹಳ ಕಟ್ಟುನಿಟ್ಟಾಗಿ ಹೇಳಿದಳು:

"ದೀಪ ಹಿಡಿಯೂ ತನಕ ಆ ಜಾಗಕ್ಕ ಒಟ್ಟ ಬೆಳಕು ಬೀಳಬಾರದ್ರಿ ಮತ್ತ."

"ಬುದ್ಧಿ ಬಂದಾಗಿಂದ ಬಿದ್ದಿಲ್ಲ ತಂಗಿ" ಎಂದೆ.

ಅವಳು ನಗುತ್ತ ಹೊರಗೆ ಓಡಿದಳು. ನಾನು ನಗಿಸಬೇಕೆಂದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದೆ. ಮೈಯ ಆ ಭಾಗವನ್ನು ನಾನೇ ಕಣ್ಣೆತ್ತಿ ನೋಡಿದವಳಲ್ಲ. ನೋಡಿದ್ದರೆ ಅದು ಏನೆಂದು ಸಾಸಿವೆಯಷ್ಟಿದ್ದಾಗಲೇ ತಿಳಿಯುತ್ತಿತ್ತು. ನಮ್ಮ ಮೈಗೆ ನಾವೇ ಪರಕೀಯರಾಗಿ ಉಳಿದೆವಲ್ಲ ಎಂಬ ಹಳಹಳಿ ಇಂದಿಗೂ ಇದೆ.

ದೀಪ ಹಿಡಿದಾಗ ಉರಿ ಎದ್ದಿತು. ಉರಿ ಸ್ವಲ್ಪವೋ ಬಹಳವೋ ಎಂದು ಡಾಕ್ಟರಮ್ಮನವರು ಕೇಳಿದರು. ಗಿರಣಿಯಲ್ಲಿ ಖಾರ ಕುಟ್ಟಿಸಿದವಳಿಗೆ ಅಳತೆ ಒಂದೇ, ಮೆಣಸಿನಕಾಯಿಯದು.

"ಮೊದಲ ಬ್ಯಾಡಗಿ ಇತ್ರಿ. ಈಗ ಗುಂಟೂರ ಆತು."

ಅವರು ದೀಪ ನಿಲ್ಲಿಸಿ, ನರ್ಸಿಗೆ ಹೇಳಿದರು: "ಫ್ಯಾನ್ ಹಿಡಿಯವಾ. ಬ್ಯಾಡಗಿಗೆ ಬಂದ ಮ್ಯಾಲೆ ಮತ್ತ ಹಚ್ಚೂಣು."

ಬೀಗತಿಯರ ಮರ್ಯಾದೆ

ಎರಡನೆಯ ಸಲ ಹೋದಾಗ ಮುಲಾಮು ಹಚ್ಚಿಸಿಕೊಂಡು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ನನ್ನ ತವರು ಕೊರ್ಲಹಳ್ಳಿ. ತಮ್ಮನ ಮಗಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದೆ. ಬೆಂಚಿನ ಆ ತುದಿಯಲ್ಲಿ ಮುಖದ ಮೇಲೆ ಸೆರಗೆಳೆದು ಕುಳಿತಿದ್ದವರು ಸೆರಗು ಸರಿಸಿದರು. ನೋಡಿದರೆ ಆ ಹುಡುಗಿಯ ಅತ್ತೆ, ಎಂದರೆ ನನ್ನ ಬೀಗತಿ.

ಇಬ್ಬರೂ ಗೋಡೆಯ ಮೇಲಿನ ಚರ್ಮರೋಗದ ಚಿತ್ರಗಳ ಕೆಳಗೆ ಕುಳಿತಿದ್ದೆವು. ಏನು ಬಂದಿರಿ ಎಂದು ಅವರು ಕೇಳಿದರು. ಮೊಣಕಾಲು ಎಂದೆ. ಅವರ ಮುಖ ಅರಳಿತು. ತಮಗೂ ಮೊಣಕಾಲೇ ಎಂದರು. ಮಳೆ, ಹೆಸರಿನ ಬೆಳೆ, ಹುಡುಗಿಯ ಕೂಸು, ಎಲ್ಲ ಮಾತಾಡಿದೆವು. ಮಾತು ಮುಗಿದಾಗ ಮತ್ತೆ ಮೊಣಕಾಲಿಗೆ ಬರುತ್ತಿದ್ದೆವು.

ಆಗ ನರ್ಸು ಬಾಗಿಲಲ್ಲಿ ನಿಂತು, ಕೆಂಪು ಲೈಟಿನವರು ಬರ್ರಿ ಎಂದು ಕರೆದಳು. ಇಬ್ಬರೂ ಎದ್ದೆವು. ಇಬ್ಬರೂ ಕುಳಿತೆವು. ನೀವು ಮೊದಲು ಹೋಗಿರಿ ಎಂದು ನಾನು ಹೇಳಿದೆ. ಹೆಣ್ಣಿನ ಕಡೆಯವರಿಗಿಂತ ಮೊದಲು ತಾವು ಹೋದರೆ ಚೆನ್ನಾಗಿ ಕಾಣುವುದಿಲ್ಲ ಎಂದು ಅವರು ಹೇಳಿದರು. ಗಂಡಿನ ಕಡೆಯವರನ್ನು ಬಿಟ್ಟು ನಾನು ಹೋಗುವುದು ಹೇಗೆ ಎಂದು ನಾನು ಹೇಳಿದೆ. ಮದುವೆಯಲ್ಲಿ ಕುಂಕುಮ ಹಚ್ಚುವಾಗ ನಡೆದ ಎಳೆದಾಟವೆಲ್ಲ ಅಲ್ಲಿ ಮತ್ತೊಮ್ಮೆ ನಡೆಯಿತು.

ನರ್ಸಿಗೆ ಸಾಕಾಯಿತು. "ಇದು ಊಟದ ಪಂಕ್ತಿ ಅಲ್ರಿ ಯಕ್ಕಾ. ಯಾರರ ಒಬ್ಬರು ಬರ್ರಿ, ಮುಲಾಮು ಒಣಗತೈತಿ."

ನಾನೇ ಹೋದೆ. ಹೊರಗೆ ಬಂದಾಗ ಬೆಂಚಿನ ಮೇಲೆ ಬೀಗತಿ ಇರಲಿಲ್ಲ. ಅವರು ಆಮೇಲೆ ಮತ್ತೆ ಬರಲೇ ಇಲ್ಲವೆಂದು ನರ್ಸು ಹೇಳಿದಳು. ಒಂದು ಮಾತು, ನನ್ನದೂ ಮೊಣಕಾಲಲ್ಲ ಎಂಬ ಒಂದೇ ಮಾತನ್ನು ಬೆಂಚಿನ ಮೇಲೆ ಆಡಿದ್ದರೆ, ಇಬ್ಬರೂ ಜೊತೆಯಾಗಿ ಬಂದು ಜೊತೆಯಾಗಿ ಗುಣವಾಗುತ್ತಿದ್ದೆವು. ನಾನು ಆಡಲಿಲ್ಲ.

ವರ್ಷದ ಮೇಲೆ ಲಕ್ಷ್ಮೇಶ್ವರದಲ್ಲಿ ಕೂಸಿನ ಜವಳದಲ್ಲಿ ಭೇಟಿಯಾದೆವು. ಮೊಣಕಾಲು ಹೇಗಿದೆ ಎಂದು ಅವರು ಕೇಳಿದರು, ನಿಮ್ಮದು ಹೇಗಿದೆ ಎಂದು ನಾನು ಕೇಳಿದೆ. ಬಹಳ ತ್ರಾಸು ಎಂದು ಇಬ್ಬರೂ ಹೇಳಿದೆವು. ಹೇಳುತ್ತಲೇ ನೆಲದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಹೋಳಿಗೆ ಉಂಡು, ಕೈ ಊರದೆ ಎದ್ದೆವು.

ಓಣಿಯ ಕಾಲುಗಳು

ದೀಪದ ಸರದಿ ಮುಗಿದ ಮೇಲೆ ಗಂಟುಗಳು ಉದುರಿದವು. ಮನಸ್ಸು ಹಗುರವಾಯಿತು, ನಡಿಗೆಯೂ ಹಗುರವಾಯಿತು. ಗಿರಣಿಯ ಕಟ್ಟೆಯವರು ಅದನ್ನು ಗಮನಿಸಿದರು. ಗದಗಿನ ಕೆಂಪು ಬೆಳಕಿನಿಂದ ಗಿರಣಿಯವಳ ಮೊಣಕಾಲು ಹುಡುಗಿಯರ ಮೊಣಕಾಲಿನಂತಾಯಿತು ಎಂಬ ಸುದ್ದಿ ಡಬ್ಬಿಯಿಂದ ಡಬ್ಬಿಗೆ ಹೋಯಿತು. ನಾನು ತಡೆಯಲು ನೋಡಿದೆ. ಆ ಬೆಳಕು ಎಲ್ಲರಿಗೂ ಒಗ್ಗುವುದಿಲ್ಲ ಎಂದೆ. ಬಹಳ ಉರಿ ಎಂದೆ. ಉರಿದರೇ ಗುಣ ಎಂದು ಅವರು ಇನ್ನೂ ಹುರುಪಾದರು.

ಒಂದು ದಿನ ನನಗೆ ತಿಳಿಸದೆ ಕ್ರೂಸರ್ ಗಾಡಿ ಗೊತ್ತುಮಾಡಿ, ಬುತ್ತಿ ಕಟ್ಟಿಕೊಂಡು, ಓಣಿಯ ಮೊಣಕಾಲುಗಳೆಲ್ಲ ಗದಗಿಗೆ ಹೋದವು. ಕುದುರೆಕೂದಲಿನ ಅಜ್ಜಿಯೂ ಹೋದರು. ಬೆಂಚು ಸಾಲದೆ ಮೆಟ್ಟಿಲ ಮೇಲೆ ಕುಳಿತರಂತೆ. ಡಾಕ್ಟರಮ್ಮನವರು ಒಬ್ಬೊಬ್ಬರನ್ನೇ ಕರೆದರು. ಮುಂಡರಗಿಯವರು, ಮೊಣಕಾಲು ಎಂದ ಕೂಡಲೇ, ಪಾಪ, ಇವರೂ ನನ್ನಂತೆಯೇ ಅರ್ಧ ದಾರಿಯಲ್ಲಿ ನಿಂತವರೆಂದು ತಿಳಿದು, ಬಾಗಿಲು ಹಾಕಿಸಿ, ಹೆದರಬೇಡಿರಿ, ಇನ್ನೂ ಮೇಲೆ ಇದ್ದರೂ ಹೇಳಿರಿ ಎಂದು ಬಹಳ ಪ್ರೀತಿಯಿಂದ ಕೇಳಿದರಂತೆ. ಮೊದಲನೆಯವಳು ಸೊಂಟವೂ ನೋಯುತ್ತದೆ ಎಂದಳು. ಎರಡನೆಯವಳು ಸೊಂಟ, ಬೆನ್ನು, ಕುತ್ತಿಗೆ ಎಂದಳು. ಅಜ್ಜಿಯ ಸರದಿ ಬರುವಷ್ಟರಲ್ಲಿ ನೋವು ನೆತ್ತಿಗೆ ಮುಟ್ಟಿತ್ತು. ಡಾಕ್ಟರಮ್ಮನವರಿಗೆ ಆಗ ತಿಳಿಯಿತು. ನನ್ನ ಗುಟ್ಟು ಬಿಡದೆ, ಎಲುಬಿನ ಡಾಕ್ಟರರ ಬಳಿ ಹೋಗಿರೆಂದು ಎಲ್ಲರನ್ನೂ ಕಳುಹಿಸಿದರು.

ಸಂಜೆ ಗಾಡಿ ನೇರವಾಗಿ ಗಿರಣಿಯ ಮುಂದೆ ಬಂದು ನಿಂತಿತು. ಮುಂದಿನ ಸೀಟಿನಿಂದ ಅಜ್ಜಿ ಇಳಿದರು.

"ನಿನಗ ಲೈಟು ಹಿಡೀತಾರ, ನಮಗ ಚೀಟಿ ಕೊಟ್ಟು ಕಳಸ್ತಾರ. ವಶೀಲಿ ಐತಿ ಬಿಡವ್ವ ನಿಂದು. ನಿಮ್ಮ ಎಮ್ಮಿಗೆ ನಾ ವಶೀಲಿ ನೋಡಿ ಕೂದಲ ಕಟ್ಟಿದ್ನೇನು?"

ಆ ವಾರ ಓಣಿಯ ಡಬ್ಬಿಗಳೆಲ್ಲ ಬೇರೆ ಗಿರಣಿಗೆ ಹೋದವು.

ಗಿರಣಿ ನಿಂತಾಗ

ಕೆಲವು ತಿಂಗಳಲ್ಲಿ ಮತ್ತೆ ಎರಡು ಸಾಸಿವೆ ಕಾಳು ಕಾಣಿಸಿಕೊಂಡವು. ಡಾಕ್ಟರಮ್ಮನವರು ದೀಪ ಹಿಡಿದರು, ಆದರೆ ಈ ಸಲ ನಗಲಿಲ್ಲ. ಇದು ಒಮ್ಮೊಮ್ಮೆ ತಾನಾಗಿಯೇ ಮರಳುವುದುಂಟು, ಆದರೂ ಯಜಮಾನರನ್ನು ನೋಡದೆ ಬಿಡುವುದು ಸರಿಯಲ್ಲ, ಮುಂದಿನ ಸಲ ಅವರೊಡನೆಯೇ ಬರಬೇಕು ಎಂದರು.

ಎದುರಿಗೆ ಕುಳಿತು ಹೇಳುವ ಶಕ್ತಿ ನನಗಿರಲಿಲ್ಲ. ಗಿರಣಿ ತಿರುಗುವಾಗ ಹೇಳಬೇಕೆಂದುಕೊಂಡೆ. ಆ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಿಸುವುದಿಲ್ಲ, ಆದ್ದರಿಂದ ನಾಚಿಕೆಯೂ ಕಡಿಮೆ. ಅವರ ಬೆನ್ನಿನ ಹಿಂದೆ ನಿಂತು, ಆದದ್ದೆಲ್ಲವನ್ನೂ ಮೊದಲಿನಿಂದ ಹೇಳಿದೆ. ನರಹುಲಿ ಎಂದೆ, ದೀಪ ಎಂದೆ, ನೀವೂ ಬರಬೇಕು ಎಂದೆ. ಕಣ್ಣಲ್ಲಿ ನೀರು ಬಂತು, ಹಿಟ್ಟಿನ ಧೂಳೆಂದು ಒರೆಸಿಕೊಂಡೆ. ಹಿಂದೆ ಯಾರೋ ಮಾತಾಡಿದ ಸುಳಿವು ಹತ್ತಿ ಅವರು ಗುಂಡಿ ಒತ್ತಿ ಗಿರಣಿಯನ್ನು ನಿಲ್ಲಿ­ಸಿದರು. ಓಣಿಯೆಲ್ಲ ಒಮ್ಮೆಲೇ ಸ್ತಬ್ಧವಾಯಿತು. ಕಿವಿಯ ತನಕ ಹಿಟ್ಟು ಮೆತ್ತಿದ ಮುಖವನ್ನು ತಿರುಗಿಸಿದರು.

"ಏನಂದಿ?"

"ಜ್ವಾಳ ಇನ್ನಷ್ಟು ಸಣ್ಣಗ ಬೀಸ್ರಿ ಅಂದೆ."

ಅಂದು ಆ ಜೋಳವನ್ನು ಅವರು ಎಷ್ಟು ಸಣ್ಣಗೆ ಬೀಸಿದರೆಂದರೆ, ತಂದವಳು ಮರುದಿನ ಬಂದು, ಇದು ರೊಟ್ಟಿಗೋ ಮುಖಕ್ಕೆ ಹಚ್ಚುವುದಕ್ಕೋ ಎಂದು ಕೇಳಿದಳು.

ಅತ್ತೆಯವರು ಗದಗಿಗೆ ಹೋದದ್ದು

ಅತ್ತೆಯವರು ಈಗ ಇಲ್ಲ. ಈ ಪ್ರಸಂಗ ಅವರದು.

ಗಿರಣಿ ನಿಲ್ಲಿಸಿದ ದಿನ ಅವರು ನನ್ನ ಬೆನ್ನ ಹಿಂದೆಯೇ, ಒಳಗಿನ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತ ಕುಳಿತಿದ್ದರೆಂಬುದನ್ನು ನಾನು ನೋಡಿರಲಿಲ್ಲ. ಗಿರಣಿಗೆ ಕಿವಿ ಕೊಟ್ಟಿದ್ದ ಮಗನಿಗೆ ಕೇಳದ್ದು ಅವರಿಗೆ ಕೇಳಿಸಿತ್ತು. ಮೂರನೆಯ ದಿನ ಗೋಡೆ ಹಿಡಿಯುತ್ತ ಗಿರಣಿಗೆ ಬಂದು, ಕಟ್ಟೆಯ ಹೆಂಗಸರೆಲ್ಲರ ಎದುರಿಗೆ ಮಗನಿಗೆ ಅಪ್ಪಣೆ ಕೊಟ್ಟರು. ನಾಳೆ ಗಿರಣಿ ಬಂದ್ ಇಡಬೇಕು, ತಮ್ಮ ಮೊಣಕಾಲಿಗೆ ಆ ಕೆಂಪು ಬೆಳಕನ್ನು ಹಿಡಿಸಬೇಕು ಎಂದರು. ಅಮಾವಾಸ್ಯೆ ಬಿಟ್ಟರೆ ಎಂದೂ ನಿಲ್ಲದ ಗಿರಣಿ ಅದು. ಸೊಸೆ ಕರೆದುಕೊಂಡು ಹೋಗುತ್ತಾಳಲ್ಲ ಎಂದು ಯಜಮಾನರು ಹೇಳಿ ನೋಡಿದರು. ಬಸ್ಸಿಗೆ ಎತ್ತಿ ಹತ್ತಿಸಲು ಗಂಡಾಳು ಬೇಕು ಎಂದರು ಅತ್ತೆ.

ಬಸ್ಸಿನ ದಾರಿಯುದ್ದಕ್ಕೂ ನಾನು ಮುಂದಾಗುವುದನ್ನು ಲೆಕ್ಕ ಹಾಕುತ್ತಿದ್ದೆ. ಮೊಣಕಾಲಿಗೆ ಆ ದೀಪವಲ್ಲವೆಂದು ಡಾಕ್ಟರಮ್ಮನವರು ಹೇಳುತ್ತಾರೆ. ಹಾಗಾದರೆ ನಿನಗೆ ಯಾವುದಕ್ಕೆ ಹಿಡಿದರು ಎಂದು ಗಂಡ ಕೇಳುತ್ತಾರೆ. ಅಲ್ಲಿಗೆ ನನ್ನ ಸಂಸಾರ ಮುಗಿಯಿತು ಎಂದುಕೊಂಡೆ.

ಸರದಿ ಬಂತು. ಅತ್ತೆ ಒಂದು ಕೈಯಿಂದ ನನ್ನನ್ನೂ ಇನ್ನೊಂದು ಕೈಯಿಂದ ಮಗನನ್ನೂ ಹಿಡಿದುಕೊಂಡು ಒಳಗೆ ನಡೆದರು. ಡಾಕ್ಟರಮ್ಮನವರು ನನ್ನ ಕಡೆ ಒಮ್ಮೆ ನೋಡಿ, ಬಹಳ ಮೃದುವಾಗಿ, ಅಜ್ಜಿ, ಮೊಣಕಾಲಿಗೆ ಈ ಲೈಟು ನಡೆಯುವುದಿಲ್ಲ ಎಂದು ಮೊದಲು ಮಾಡಿದರು.

"ಗೊತ್ತೈತ್ರಿ ಬಾಯಾರ. ನಂದಲ್ಲ, ಇವಂದು ನೋಡ್ರಿ."

ಯಜಮಾನರು ಬೆಪ್ಪಾಗಿ ನಿಂತರು. "ಯವ್ವಾ, ನನಗ ಮೊಣಕಾಲು ಬ್ಯಾನಿ ಎಲ್ಲೈತಿ?"

"ನಿನ್ನ ಹೇಂತಿಗೂ ಇದ್ದಿದ್ದಿಲ್ಲ."

ಇಷ್ಟು ಹೇಳಿ, ನನ್ನನ್ನು ಹೊರಗೆ ಕರೆತಂದು, ತಾವೇ ಬಾಗಿಲು ಎಳೆದುಕೊಂಡರು.

ಬೆಂಚಿನ ಮೇಲೆ ನಾವಿಬ್ಬರೂ ಎದುರಿನ ಗೋಡೆಯನ್ನು ನೋಡುತ್ತ ಕುಳಿತೆವು. ಅವರು ತಾವಾಗಿಯೇ ಮಾತಾಡಿದರು. ತವರು ಹರ್ತಿಯಿಂದ ಈ ಮನೆಗೆ ಬಂದ ಹೊಸತರಲ್ಲಿ ತಮಗೂ ಮೈಯ ತೊಂದರೆಗಳು ಆಗಿದ್ದವು, ಹೇಳಿಕೊಳ್ಳಲು ಯಾರೂ ಇರಲಿಲ್ಲ, ಬೂದಿ ಹಚ್ಚಿಕೊಂಡು ತಾವು ಸುಮ್ಮನಾದದ್ದಾಗಿ ಹೇಳಿದರು. ನೀನೇಕೆ ನನಗೆ ಹೇಳಲಿಲ್ಲ ಎಂದು ಕೇಳಿದರು. ನಾಚಿಕೆಯಾಯಿತು ಎಂದೆ.

"ನನಗೂ ಕೇಳಾಕ ನಾಚಿಕಿ ಆತು. ಅದಕ್ಕ ಮೊಣಕಾಲು ತಿಕ್ಕಿದೆ."

ಅಷ್ಟರಲ್ಲಿ ನರ್ಸು ನನ್ನನ್ನು ಒಳಗೆ ಕರೆದಳು. ಆಮೇಲೆ ಅತ್ತೆಯವರು ಇರುವ ತನಕ ಆ ಮಾತು ಮತ್ತೆ ಬರಲಿಲ್ಲ, ನಾನೂ ತರಲಿಲ್ಲ.

ಒಳಗೆ ಯಜಮಾನರು ತಲೆ ತಗ್ಗಿಸಿ ಕುಳಿತಿದ್ದರು. ಅವರಿಗೂ ಇತ್ತು. ನನಗಿಂತ ಮೊದಲೋ ಆಮೇಲೋ ಯಾರೂ ಹೇಳಲಾರರು. ನಾನು ಗೋಡೆಯ ಕಡೆಗೆ ಹೊರಳಿದ್ದನ್ನು ಕಂಡು, ತಮ್ಮ ರೋಗ ನನಗೆ ಗೊತ್ತಾಗಿ ಹೇಸಿಗೆಪಟ್ಟಿದ್ದೇನೆ ಎಂದುಕೊಂಡು, ಅವರು ಆ ಕಡೆಯ ಗೋಡೆಗೆ ಹೊರಳಿದ್ದರು. ಎಲ್ಲಿಯಾದರೂ ಔಷಧ ಮಾಡಿಸಿದ್ದಿರೇ ಎಂದು ಡಾಕ್ಟರಮ್ಮನವರು ಕೇಳಿದರು. ಓಣಿಯ ಅಜ್ಜಿಯೊಬ್ಬರ ಬಳಿ ಕುದುರೆಕೂದಲು ಕೇಳಲು ಹೋಗಿದ್ದೆ, ಯಾರಿಗೆಂದು ಕೇಳಿದಾಗ ನಾಲಿಗೆ ಹೊರಳದೆ ಎಮ್ಮೆಗೆ ಎಂದುಬಿಟ್ಟೆ ಎಂದು ಅವರು ಹೇಳಿದರು.

'ಮತ್ತ ಎದ್ದಾವೇನು ಅದಕ್ಕ' ಎಂದು ಅಜ್ಜಿ ಕೇಳಿದ್ದು ಆಗ ನನಗೆ ನೆನಪಾಯಿತು. ನಾನೂ ಎಮ್ಮೆಯ ಹೆಸರನ್ನೇ ಹೇಳಿದ್ದೆ ಎಂದೆ. ಯಜಮಾನರು ತಲೆ ಎತ್ತಿ ನನ್ನನ್ನು ನೋಡಿದರು. ಅವರ ಕಿವಿಯ ಹಿಂದೆ ಇನ್ನೂ ಹಿಟ್ಟು ಇತ್ತು. ಡಾಕ್ಟರಮ್ಮನವರು ಪೆನ್ನು ಕೆಳಗಿಟ್ಟು, ಇಷ್ಟರಲ್ಲಿ ಬಹಳ ಸಂಕಟಪಟ್ಟದ್ದು ಆ ಎಮ್ಮೆ ಎಂದರು. ನಾವಿಬ್ಬರೂ ನಕ್ಕೆವು. ಎರಡು ಮಳೆಗಾಲದ ಮೇಲೆ, ಅದೂ ಪರರ ಎದುರಿಗೆ, ನಕ್ಕೆವು. ಇಷ್ಟು ಸುಲಭದ್ದನ್ನು ಮನೆಯಲ್ಲಿಯೇ ಮಾಡಬಹುದಾಗಿತ್ತು ಎಂದು ಈಗ ಅನಿಸುತ್ತದೆ.

ಗದಗಿನ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಗಿರಣಿಗೆ ಗೋಧಿ ತರುವ ಗಿರಾಕಿಯೊಬ್ಬರು ಎದುರಾದರು. ಗಿರಣಿ ಮುಚ್ಚಿ ಮೂವರೂ ಇಲ್ಲಿ ಹೇಗೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು, ಮೊಣಕಾಲು ಎಂದರು. ಎಂದವರೇ ಬಸ್ಸಿನ ಕಡೆಗೆ ಎಡಗಾಲು ಎಳೆಯುತ್ತ ನಡೆದರು. ಕುಂಟುವುದು ನನಗಿಂತ ಅವರಿಗೆ ಚೆನ್ನಾಗಿ ಬರುತ್ತಿತ್ತು. ನಾನೂ ಹಿಂದಿನಿಂದ ಕುಂಟಿದೆ.

ಬಸ್ಸಿನ ಮೆಟ್ಟಿಲ ಬಳಿ ಅತ್ತೆಯವರ ಕಾಲು ಮಡಚಲಿಲ್ಲ. ಯಜಮಾನರು ಮೇಲಿನಿಂದ ಎಳೆದರು, ನಾನು ಕೆಳಗಿನಿಂದ ನೂಕಿದೆ. ನೋವಿಗೆ ಅವರು ತುಟಿ ಕಚ್ಚಿದ್ದು ನನಗೆ ಕಾಣುತ್ತಿತ್ತು. ನಮ್ಮ ಮನೆಯಲ್ಲಿ ನಿಜವಾಗಿ ನೋಯುತ್ತಿದ್ದ ಮೊಣಕಾಲು ಅದೊಂದೇ. ಗದಗಿನ ತನಕ ಹೋಗಿಯೂ ಅದನ್ನು ಒಬ್ಬ ಎಲುಬಿನ ಡಾಕ್ಟರರಿಗೆ ನಾವು ತೋರಿಸಲಿಲ್ಲ. ಅಂದೂ ತೋರಿಸಲಿಲ್ಲ, ಮುಂದೆಯೂ ತೋರಿಸಲಿಲ್ಲ. ಕೆಳಗೆ ನಿಂತ ಗಿರಾಕಿ ಮರುಗಿ, ಅಜ್ಜಿ, ನಿಮಗೂ ಮೊಣಕಾಲೇನು ಎಂದು ಕೇಳಿದರು. ನಮ್ಮಿಬ್ಬರ ನಡುವೆ ಅರ್ಧ ಮೇಲೆ, ಅರ್ಧ ಕೆಳಗೆ ತೂಗಾಡುತ್ತಲೇ ಅತ್ತೆಯವರು ಕತ್ತು ಹೊರಳಿಸಿ ಹೇಳಿದರು:

"ನಮ್ಮ ಮನ್ಯಾಗ ಎಲ್ಲಾರ ಮೊಣಕಾಲೂ ಹೋಗ್ಯಾವಪ್ಪ. ನಂದೊಂದ ಗಟ್ಟಿ ಐತಿ."